ರೂವಾರಿಯ ಹೆಸರಿಗೆ ಸಾಕ್ಷಿ ಹೇಳುವವರು ಯಾರು?



ಅರಸೀಕೆರೆ ಎಂದೊಡನೆ ನಿಮ್ಮಲ್ಲಿ ಹಲವರಿಗೆ ನೆನಪಾಗುವುದು ರೈಲ್ವೆ ಜಂಕ್ಷನ್ ಮತ್ತು ತೆಂಗು. ಅಲ್ಲಿ ರೈಲು ಬದಲಾಯಿಸಿ ಹೊರಟುಹೋಗುವವರೇ ಹೆಚ್ಚು. ಒಮ್ಮೆ ಬಿಡುವು ಮಾಡಿಕೊಂಡು ಇಳಿದು ಊರೊಳಗೆ ನಡೆಯಿರಿ. 1220ರಲ್ಲಿ ಕಟ್ಟಿದ ಈಶ್ವರ ದೇವಾಲಯ ಸಿಗುತ್ತದೆ. ನಕ್ಷತ್ರದ ಆಕಾರದ ಅದರ ಮಂಟಪದಂಥ ಮಂಟಪ ಹೊಯ್ಸಳರ ನಾಡಿನಲ್ಲಿಯೂ ಅಪರೂಪ. ಅದೇ ತಾಲ್ಲೂಕಿನ ಹಾರನಹಳ್ಳಿಯಲ್ಲಿ ಪೆದ್ದಣ್ಣ ಹೆಗ್ಗಡೆ ಮತ್ತು ಅವನ ತಮ್ಮಂದಿರು 1235ರ ಸುಮಾರಿಗೆ ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಾಲಯವಿದೆ. ಅಲ್ಲಿಂದ ಜಾವಗಲ್, ಮುಂದೆ ಹಳೇಬೀಡು, ಕೊನೆಗೆ ಬೇಲೂರು. ಬೆಳಿಗ್ಗೆ ಬೇಗ ಹೊರಟರೆ ಒಂದೇ ದಿನದಲ್ಲಿ ಸುತ್ತಬಹುದಾದ ದಾರಿ ಇದು.

ಈ ದಾರಿಯಲ್ಲಿ ನೀವು ಹುಡುಕಬೇಕಾದದ್ದು ವಿಗ್ರಹಗಳ ಮುಖವನ್ನಲ್ಲ, ಅವುಗಳ ಪೀಠವನ್ನು. ಕೆಲವು ಪೀಠಗಳ ಮೇಲೆ ಹಳಗನ್ನಡದ ಪುಟ್ಟ ಅಕ್ಷರಗಳಲ್ಲಿ ಕೆತ್ತಿದವನ ಹೆಸರಿದೆ. ಅಂಥ ಶಿಲ್ಪಿಯನ್ನು ಶಾಸನಗಳು 'ರೂವಾರಿ' ಎಂದು ಕರೆಯುತ್ತವೆ. ನಮ್ಮ ದೇಶದ ಹೆಚ್ಚಿನ ದೇವಾಲಯಗಳಲ್ಲಿ ಕಟ್ಟಿಸಿದವನ ಹೆಸರು ಸಿಗುತ್ತದೆ, ಕೆತ್ತಿದವನದು ಸಿಗುವುದಿಲ್ಲ. ಹೊಯ್ಸಳ ಶಿಲ್ಪಿಗಳು ಮಾತ್ರ ಧಾರಾಳವಾಗಿ ತಮ್ಮ ಹೆಸರು ಬಿಟ್ಟುಹೋದರು. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದುವಾಗಿದ್ದು ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುವುದರಿಂದ, ಎಂಟು ನೂರು ವರ್ಷಗಳ ಮೇಲೂ ಆ ತೆಳು ಅಕ್ಷರಗಳು ಉಳಿದಿವೆ. ಬೆಳಕು ನೇರವಾಗಿ ಬಿದ್ದರೆ ಅವು ಕಾಣುವುದಿಲ್ಲ. ಓರೆಯಾಗಿ ಬಿದ್ದರೆ ಎದ್ದು ನಿಲ್ಲುತ್ತವೆ. ಕ್ಯಾಮೆರಾ ಹಿಡಿದು ಬದುಕುವ ನಮ್ಮ ಕಸುಬಿನವರಿಗೆ ಇದು ಮೊದಲ ಪಾಠ.

ಹಾರನಹಳ್ಳಿಯಲ್ಲಿ, ಜಾವಗಲ್‌ನಲ್ಲಿ ಸಿಗುವ ಒಂದು ಹೆಸರು ಮಲ್ಲಿತಮ್ಮ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ 1246ರ ದೇವಾಲಯದ ಒಂದು ಪಕ್ಕ ಬೈಚೋಜನದು, ಇನ್ನೊಂದು ಪಕ್ಕ ಈ ಮಲ್ಲಿತಮ್ಮನದು. 1258ರ ಸೋಮನಾಥಪುರದಲ್ಲಂತೂ ಅವನ ಹೆಸರು ಹೊತ್ತ ವಿಗ್ರಹಗಳು ಸುಮಾರು 40. ಇತ್ತ 1196ರಲ್ಲಿ ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿಯೂ ಅದೇ ಹೆಸರಿದೆ. ಲೆಕ್ಕ ಹಾಕಿ: 62 ವರ್ಷ. ಹದಿನೈದರಲ್ಲಿ ಉಳಿ ಹಿಡಿದಿದ್ದರೆ ಎಪ್ಪತ್ತೇಳರವರೆಗೂ ಕೈ ನಡುಗದೆ ಕೆತ್ತಿರಬೇಕು. ಸಾಧ್ಯವಿಲ್ಲವೆಂದಲ್ಲ. ಆದರೆ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ನಮ್ಮ ನಾಡಿನಲ್ಲಿ ಇಬ್ಬರು ಮಲ್ಲಿತಮ್ಮಂದಿರು ಇದ್ದಿರಲೂಬಹುದಲ್ಲವೇ? ವಿಜ್ಞಾನ ಓದಿ ದೂರದರ್ಶನಕ್ಕೆ ಬಂದ ನನ್ನಂಥವರಿಗೆ ಈ ಬಗೆಯ ಸಂದೇಹ ಬಿಡದು.

ಇಷ್ಟೆಲ್ಲ ಪೀಠಿಕೆ ಏಕೆಂದರೆ, ಇದೇ ಪ್ರಶ್ನೆಯನ್ನು ಇಂದು ಅಂತರಜಾಲದ ವಿಶ್ವಕೋಶಗಳು ದಿನವೂ ಕೇಳಿಕೊಳ್ಳುತ್ತಿವೆ: ಒಬ್ಬ ಕಲಾವಿದನಿಗೆ, ಹಾಡುಗಾರನಿಗೆ, ತಾನೇ ಚಿತ್ರ ತೆಗೆದು ತಾನೇ ತೋರಿಸುವ ಹುಡುಗನಿಗೆ ಒಂದು ಪುಟ ಕೊಡಬೇಕೇ, ಬೇಡವೇ?

ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಮೊದಲ ಸಂಪುಟ ಬಂದದ್ದು 1969ರಲ್ಲಿ. ಒಟ್ಟು 14 ಸಂಪುಟಗಳು. ಕಾಗದಕ್ಕೆ ಮಿತಿಯಿದೆ. ಸಂಪಾದಕರು ಒಂದೆಡೆ ಕುಳಿತು ಯಾರನ್ನು ಸೇರಿಸಬೇಕು, ಯಾರನ್ನು ಬಿಡಬೇಕು ಎಂದು ನಿರ್ಧರಿಸಲೇಬೇಕಾಗಿತ್ತು. 2001ರ ಜನವರಿಯಲ್ಲಿ ಆರಂಭವಾದ ವಿಕಿಪೀಡಿಯಕ್ಕೆ ಕಾಗದವೂ ಇಲ್ಲ, ಪುಟಗಳ ಮಿತಿಯೂ ಇಲ್ಲ. ಆದರೂ ಅಲ್ಲಿ ಬಾಗಿಲಿದೆ, ಕಾವಲಿದೆ. ಕಾವಲು ಕಾಯುವವರು ಸಂಬಳವಿಲ್ಲದ ಸ್ವಯಂಸೇವಕರು. ಅವರ ಅಳತೆಗೋಲಿಗೆ 'ಗಮನಾರ್ಹತೆ' ಎಂದು ಹೆಸರು. ಹೆಸರು ಕೇಳಿದರೆ ದೊಡ್ಡ ಸಾಧನೆಯನ್ನು ಅಳೆಯುವಂತೆ ತೋರುತ್ತದೆ. ನಿಯಮ ಓದಿದರೆ ಬೇರೆಯೇ ಸಂಗತಿ. ಆ ವ್ಯಕ್ತಿಯೊಂದಿಗೆ ಸಂಬಂಧವಿಲ್ಲದ, ನಂಬಲರ್ಹವಾದ ಮೂಲಗಳು ಅವನ ಬಗ್ಗೆ ವಿವರವಾಗಿ ಬರೆದಿವೆಯೇ ಎಂಬುದಷ್ಟೇ ಅಲ್ಲಿಯ ಮುಖ್ಯ ಪರೀಕ್ಷೆ. ತನ್ನ ಬಗ್ಗೆ ತಾನೇ ಹೇಳಿಕೊಂಡದ್ದು ಆ ಲೆಕ್ಕಕ್ಕೆ ಬರುವುದಿಲ್ಲ. ಸಂದೇಹವಿದ್ದ ಪುಟವನ್ನು ಅಳಿಸಬೇಕೇ ಎಂಬ ಚರ್ಚೆ ಇಂಗ್ಲಿಷ್ ಆವೃತ್ತಿಯಲ್ಲಿ ಸಾಮಾನ್ಯವಾಗಿ 7 ದಿನ ನಡೆಯುತ್ತದೆ.

ಈ ನಿಯಮವನ್ನು ಮಲ್ಲಿತಮ್ಮನಿಗೆ ಅನ್ವಯಿಸಿ ನೋಡಿ. ಪೀಠದ ಮೇಲೆ ತಾನೇ ಕೆತ್ತಿದ ಹೆಸರು ತನ್ನ ಬಗ್ಗೆ ತಾನೇ ಕೊಟ್ಟ ಹೇಳಿಕೆ! ಅದೊಂದನ್ನೇ ಹಿಡಿದು ಬಂದರೆ ಅವನಿಗೆ ಬಾಗಿಲು ತೆರೆಯುವುದಿಲ್ಲ. ಇಂದು ಅವನ ಹೆಸರಿನ ಪುಟ ಇಂಗ್ಲಿಷ್ ವಿಕಿಪೀಡಿಯದಲ್ಲಿ ಇರುವುದಕ್ಕೆ ಕಾರಣ ಬೇರೆಯವರು. ಹಾಸನ ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸ್ 1902ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಐದನೆಯ ಸಂಪುಟವಾಗಿ ಪ್ರಕಟಿಸಿದರು. ಅವರ ನಂತರ 1906ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಹೊಣೆ ಹೊತ್ತ ಆರ್. ನರಸಿಂಹಾಚಾರ್ಯರು ದೇವಾಲಯದಿಂದ ದೇವಾಲಯಕ್ಕೆ ಹೋಗಿ, ಪೀಠಗಳನ್ನು ಓದಿ, ಯಾವ ವಿಗ್ರಹ ಯಾರ ಕೈಕೆಲಸ ಎಂದು ಪಟ್ಟಿ ಮಾಡಿದರು. ಸೋಮನಾಥಪುರದ ಬಗೆಗಿನ ಅವರ ಪುಸ್ತಕ 1917ರಲ್ಲಿ, ಬೇಲೂರಿನದು 1919ರಲ್ಲಿ ಬಂದವು. ಆರು ಶತಮಾನ ಯಾರೂ ಎಣಿಸದೆ ಇದ್ದ ಹೆಸರುಗಳು ಆಗ 'ಮೂಲ'ಗಳಾದವು. ಮಲ್ಲಿತಮ್ಮನ ಕೈಚಳಕ 1917ರಲ್ಲಿ ಹೆಚ್ಚಾಗಲಿಲ್ಲ. ಅದನ್ನು ಕುರಿತು ಬರೆದವರು ಹುಟ್ಟಿಕೊಂಡರು, ಅಷ್ಟೆ.

ಇದರ ಇನ್ನೊಂದು ಮುಖ ಇನ್ನೂ ಸ್ವಾರಸ್ಯದ್ದು. ಬೇಲೂರಿನಲ್ಲಿ ಯಾರನ್ನಾದರೂ ಕೇಳಿ, ಈ ಗುಡಿ ಕಟ್ಟಿದವನು ಜಕಣಾಚಾರಿ ಎನ್ನುತ್ತಾರೆ. ಮಗ ಡಂಕಣ ತಂದೆಯ ವಿಗ್ರಹದ ಕಲ್ಲಿನಲ್ಲಿ ಕಪ್ಪೆ ತೋರಿಸಿದ ಕಥೆಯನ್ನು ಕಪ್ಪೆ ಚೆನ್ನಿಗರಾಯನ ಎದುರು ನಿಲ್ಲಿಸಿಯೇ ಹೇಳುತ್ತಾರೆ. 1964ರಲ್ಲಿ ಬಿ. ಎಸ್. ರಂಗಾ ಅವರ ವರ್ಣಚಿತ್ರ ಆ ಕಥೆಯನ್ನು ಮನೆಮನೆಗೆ ತಲುಪಿಸಿತು. ರಾಜ್ಯ ಸರ್ಕಾರ ಶಿಲ್ಪಿಗಳಿಗೆ ಕೊಡುವ ಪ್ರಶಸ್ತಿಯೂ ಅವನ ಹೆಸರಿನದೇ. ಆದರೆ ಬೇಲೂರಿನ, ಹಳೇಬೀಡಿನ ಯಾವ ಪೀಠದ ಮೇಲೂ ಅವನ ಹೆಸರಿಲ್ಲ. ಇರುವುದು ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ, ಗದುಗಿನ ನಾಗೋಜ, ಹೀಗೆ ಹಲವರದು. ಹೊಯ್ಸಳೇಶ್ವರ ದೇವಾಲಯಕ್ಕೆ ಸಂಬಂಧಿಸಿ ಶಾಸನದಲ್ಲಿ ಸಿಗುವುದು ಕೇದಾರೋಜನ ಹೆಸರು. ವಿಶ್ವಕೋಶದ ಅಳತೆಗೋಲಿನಲ್ಲಿ ಜಕಣಾಚಾರಿ ಸುಲಭವಾಗಿ ತೇರ್ಗಡೆಯಾಗುತ್ತಾನೆ, ಏಕೆಂದರೆ ಅವನ ಬಗ್ಗೆ ಬರೆದವರು, ಆಡಿದವರು, ಹಾಡಿದವರು ಬೇಕಾದಷ್ಟು. ಪುಟ ಸಿಗುವುದು ಇದ್ದ ಮನುಷ್ಯನಿಗಲ್ಲ, ಮಾತಿಗೆ ಬಂದ ಮನುಷ್ಯನಿಗೆ. ಇದನ್ನು ನಾನು ತಪ್ಪೆನ್ನುತ್ತಿಲ್ಲ. ದಂತಕಥೆಗೂ ಒಂದು ಪುಟ ಬೇಕು. 'ಪುಟವಿದೆ' ಎಂಬುದನ್ನು 'ದೊಡ್ಡವನು' ಎಂದೂ, 'ಪುಟವಿಲ್ಲ' ಎಂಬುದನ್ನು 'ಏನೂ ಅಲ್ಲದವನು' ಎಂದೂ ಓದಬೇಡಿ ಎನ್ನುತ್ತೇನೆ. ನಿಮ್ಮ ಪ್ರಾಜೆಕ್ಟ್ ಬರೆಯುವಾಗ ಈ ಎಡವಟ್ಟು ಬಹಳ ಸುಲಭ.

ಹಾಗಾದರೆ ಬಾಗಿಲನ್ನೇ ತೆಗೆದುಬಿಡಬಹುದಲ್ಲ ಎಂದು ನೀವು ಕೇಳಬಹುದು. ಆಗುವುದಿಲ್ಲ. ಹಣ ಕೊಟ್ಟು ಹೊಗಳಿಕೆ ಬರೆಸಿಕೊಳ್ಳುವವರು, ನಿನ್ನೆ ಹಾಡು ಹಾಕಿ ಇಂದು ಜೀವನಚರಿತ್ರೆ ಬರೆದುಕೊಳ್ಳುವವರು ತುಂಬಿಕೊಂಡರೆ ವಿಶ್ವಕೋಶ ಜಾಹೀರಾತಿನ ಗೋಡೆಯಾಗುತ್ತದೆ. ಬೇಲೂರಿನ ಶಿಲ್ಪಿಗಳೂ ಇದರಲ್ಲಿ ಕಡಿಮೆಯವರಲ್ಲ: ಕೆಲವರು ಹೆಸರಿನ ಜೊತೆಗೆ, ತಾವು ಎದುರಾಳಿ ಶಿಲ್ಪಿಗಳ ಗರ್ವವನ್ನು ಮುರಿಯುವವರೆಂಬ ಬಿರುದುಗಳನ್ನೂ ಕೆತ್ತಿಕೊಂಡಿದ್ದಾರೆ. ಹೊರಗಿನ ಸಾಕ್ಷಿ ಬೇಕೆನ್ನುವುದು ನ್ಯಾಯವೇ. ತೊಡಕಿರುವುದು ಸಾಕ್ಷಿಗಳು ಎಲ್ಲರ ಸುತ್ತಲೂ ಒಂದೇ ಸಮನಾಗಿ ಇರುವುದಿಲ್ಲ ಎಂಬಲ್ಲಿ.

ವಿಜ್ಞಾನದಿಂದಲೇ ಒಂದು ಉದಾಹರಣೆ ಕೊಡುತ್ತೇನೆ. ಕೆನಡಾದ ಡೊನ್ನಾ ಸ್ಟ್ರಿಕ್‌ಲ್ಯಾಂಡ್ ಲೇಸರ್ ಮಿಡಿತಗಳನ್ನು ಹಿಗ್ಗಿಸಿ, ವರ್ಧಿಸಿ, ಮತ್ತೆ ಕುಗ್ಗಿಸುವ ವಿಧಾನದ ಪ್ರಬಂಧವನ್ನು ತಮ್ಮ ಗುರು ಜೆರಾರ್ ಮುರೂ ಅವರೊಡನೆ ಪ್ರಕಟಿಸಿದ್ದು 1985ರಲ್ಲಿ. 2018ರ ಮೇ ತಿಂಗಳಲ್ಲಿ ಅವರ ಬಗೆಗಿನ ಕರಡು ಲೇಖನವನ್ನು, ಮೂಲಗಳು ಸಾಲವೆಂದು ವಿಕಿಪೀಡಿಯದ ಸ್ವಯಂಸೇವಕರು ಹಿಂದಿರುಗಿಸಿದರು. ಅಕ್ಟೋಬರ್ 2ರಂದು ಅವರಿಗೆ ಭೌತವಿಜ್ಞಾನದ ನೊಬೆಲ್ ಘೋಷಣೆಯಾಯಿತು. ಅದೇ ದಿನ ಪುಟ ಸಿದ್ಧವಾಯಿತು. 33 ವರ್ಷದ ಕೆಲಸ ನೀಡಲಾರದ ಅರ್ಹತೆಯನ್ನು ಒಂದು ಬೆಳಗಿನ ಸುದ್ದಿ ನೀಡಿತು.

ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕಿಗೇ ಹೀಗಾದರೆ, ಅಂಕೋಲಾ ಕಡೆಯ ಹಾಲಕ್ಕಿ ಹಾಡುಗಾರ್ತಿಯ ಗತಿಯೇನು? ಸುಕ್ರಿ ಬೊಮ್ಮಗೌಡರಿಗೆ ಪದ್ಮಶ್ರೀ ಬಂದದ್ದು 2017ರಲ್ಲಿ. ಆ ಹೊತ್ತಿಗೆ ಅವರು ಹಾಡುತ್ತ ಹಲವು ದಶಕಗಳೇ ಕಳೆದಿದ್ದವು. 2025ರ ಫೆಬ್ರವರಿಯಲ್ಲಿ ಅವರು ತೀರಿಕೊಂಡಾಗ ದೇಶದ ಪತ್ರಿಕೆಗಳೆಲ್ಲ ಬರೆದವು. ಅವರೊಡನೆ ಅದೇ ಸಾಲಿನಲ್ಲಿ ಕುಳಿತು ದನಿಗೂಡಿಸಿದವರ ಬಗ್ಗೆ ಬರೆದ ಮೂಲ ಯಾವುದು?

ಕನ್ನಡದ ಮೂಲ ನಡೆಯುವುದಿಲ್ಲ ಎಂಬ ನಿಯಮವೇನೂ ಇಲ್ಲ. ಇಂಗ್ಲಿಷ್ ಆವೃತ್ತಿಯಲ್ಲಿಯೂ ಬೇರೆ ಭಾಷೆಯ, ಅಚ್ಚಿನಲ್ಲಷ್ಟೇ ಇರುವ ಪುಸ್ತಕ-ಪತ್ರಿಕೆಗಳನ್ನು ಉಲ್ಲೇಖಿಸಬಹುದು. ಆದರೆ ಹಾಸನದ ಪತ್ರಿಕೆಯೊಂದರ ಹಳೆಯ ಸಂಚಿಕೆ ಅಂತರಜಾಲದಲ್ಲಿ ಇಲ್ಲದಿದ್ದರೆ, ಲಂಡನ್ನಿನಲ್ಲಿ ಕುಳಿತು ಚರ್ಚಿಸುವವನಿಗೆ ಅದು ಇದ್ದೂ ಇಲ್ಲದಂತೆಯೇ. 'ನನಗೆ ಕಾಣಲಿಲ್ಲ' ಎಂಬುದು ಅಲ್ಲಿ ಬಲು ಬೇಗ 'ಇಲ್ಲ' ಎಂದಾಗಿಬಿಡುತ್ತದೆ. ಪ್ರಯೋಗಾಲಯದಲ್ಲಿ ಹೀಗೆ ಬರೆದರೆ ನಿಮ್ಮ ಮೇಷ್ಟ್ರು ಅಂಕ ಕಳೆಯುತ್ತಾರೆ.

ಬರೆಹಕ್ಕೆ ಇಳಿಯದ ಜ್ಞಾನಕ್ಕೆ ಮಾತನ್ನೇ ಮೂಲವಾಗಿ ಒಪ್ಪಬಹುದೇ ಎಂಬ ಪ್ರಯೋಗವೂ ನಡೆಯಿತು. 2011ರಲ್ಲಿ ಬೆಂಗಳೂರಿನ ಅಚಲ್ ಪ್ರಭಲ ಮತ್ತು ಸಂಗಡಿಗರು ಮಲಯಾಳಂ, ಹಿಂದಿ ಮತ್ತು ದಕ್ಷಿಣ ಆಫ್ರಿಕದ ಸೆಪೆಡಿ ಭಾಷೆಗಳಲ್ಲಿ ಹಳ್ಳಿಯ ಆಟ, ಅಡುಗೆ, ಆಚರಣೆಗಳನ್ನು ತಿಳಿದವರ ಬಾಯಿಂದಲೇ ಧ್ವನಿಮುದ್ರಿಸಿ ಅವನ್ನು ಆಧಾರವಾಗಿ ಕೊಟ್ಟರು. ಅದು ಸಾಮಾನ್ಯ ಪದ್ಧತಿಯಾಗಲಿಲ್ಲ. ಆದರೆ ಒಂದು ಮಾತು ನೆನಪಿಡಿ: ಪ್ರತಿಯೊಂದು ಭಾಷೆಯ ವಿಕಿಪೀಡಿಯವೂ ತನ್ನ ಗಮನಾರ್ಹತೆಯ ನಿಯಮವನ್ನು ತಾನೇ ಮಾಡಿಕೊಳ್ಳಬಹುದು. 2003ರಲ್ಲಿ ಆರಂಭವಾದ ಕನ್ನಡ ಆವೃತ್ತಿಯಲ್ಲಿ ಈಗ 30 ಸಾವಿರಕ್ಕಿಂತ ಹೆಚ್ಚು ಲೇಖನಗಳಿವೆ. ಅಲ್ಲಿ ತೀರ್ಮಾನಿಸುವವರ ಸಾಲಿನಲ್ಲಿ ಕೂರಲು ಪ್ರವೇಶ ಪರೀಕ್ಷೆ ಇಲ್ಲ, ಪಿ.ಯು.ಸಿ. ಓದುವವರೂ ಕೂರಬಹುದು.

2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಅರಸೀಕೆರೆ, ಹಾರನಹಳ್ಳಿ, ಜಾವಗಲ್ ಆ ಪಟ್ಟಿಯಲ್ಲಿಲ್ಲ. ಹಾರನಹಳ್ಳಿಯಲ್ಲೂ ಸೋಮನಾಥಪುರದಲ್ಲೂ ಕೆಲಸ ಮಾಡಿದ ಹೆಸರು ಒಂದೇ ಎಂಬುದು ನಿಮಗೀಗ ಗೊತ್ತು.

ದಾರಿಯ ಕೊನೆಗೆ ಬೇಲೂರು. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವ ದೇವಾಲಯದಲ್ಲಿ ಹೊರಗೆ 38, ಒಳಗೆ 4, ಒಟ್ಟು 42 ಮದನಿಕೆಯರು. ಕೆಲವರ ಪೀಠದಲ್ಲಿ ಹೆಸರಿದೆ, ಕೆಲವರದರಲ್ಲಿ ಇಲ್ಲ. ಕೆಳಗೆ ನಿಂತು ನೋಡಿದರೆ ಕೆಲಸದಲ್ಲಿ ಹೆಚ್ಚು-ಕಡಿಮೆ ಹೇಳುವುದು ಕಷ್ಟ. ಹೆಸರು ಬರೆದವರಲ್ಲಿ ಚಾವಣ ತನ್ನದೊಂದನ್ನೇ ಬರೆದು ಸುಮ್ಮನಾಗಲಿಲ್ಲ. ತಾನು ದಾಸೋಜನ ಮಗ ಎಂದೂ ಕೆತ್ತಿದ. ದಾಸೋಜನ ಬಗ್ಗೆ ಇನ್ನೊಬ್ಬರು ಬರೆದ ಮೊದಲ ಮೂಲಗಳಲ್ಲಿ ಅದೂ ಒಂದು.