ಮುದಿ ಹುಳುವಿನ ನಡಿಗೆ

ಚಿಮ್ಮನಚೋಡದ ತೊಗರಿ ಹೊಲದ ಹಿಡಿ ಮಣ್ಣನ್ನು ನೀರಿನಲ್ಲಿ ನೆನೆಸಿ, ಸೋಸಿ, ಸೂಕ್ಷ್ಮದರ್ಶಕದಲ್ಲಿ ನೋಡಿ. ನೂಲಿನಂತೆ ಹೊರಳುವ ದುಂಡುಹುಳುಗಳು ಕಂಡಾವು. ಇವುಗಳ ಬಂಧು 'ಸೀನೋರ‍್ಯಾಬ್ಡೈಟಿಸ್ ಎಲಿಗನ್ಸ್'. ಉದ್ದ 1 ಮಿಲಿಮೀಟರ್, ಆಯುಷ್ಯ ಎರಡು-ಮೂರು ವಾರ, ನರಕೋಶಗಳು ಕೇವಲ 302. ಸಿಡ್ನಿ ಬ್ರೆನ್ನರ್ 1974ರಲ್ಲಿ ಇದರ ತಳಿವಿಜ್ಞಾನವನ್ನು ಪ್ರಕಟಿಸಿದರು. 1986ರಲ್ಲಿ ನರಜಾಲದ ನಕ್ಷೆ ಬಂತು.

ವಯಸ್ಸಾದಂತೆ ಈ ಹುಳುವಿನ ನಡಿಗೆ ನಿಧಾನವಾಗುತ್ತದೆ. ದೋಷ ಸ್ನಾಯುವಿನದೋ, ನರದ್ದೋ? 2002ರಲ್ಲಿ ಅಮೆರಿಕದ ಮೋನಿಕಾ ಡ್ರಿಸ್ಕಾಲ್ ತಂಡ ಮುದಿ ಹುಳುಗಳನ್ನು ಪರೀಕ್ಷಿಸಿತು. ಸ್ನಾಯುಗಳು ಸವೆದಿದ್ದವು, ನರಗಳು ಗಟ್ಟಿಯಾಗಿಯೇ ಕಂಡವು. ತಪ್ಪು ಸ್ನಾಯುವಿನ ತಲೆಗೆ ಬಿತ್ತು.

ಆದರೆ ತಂತಿ ತುಂಡಾಗಿಲ್ಲ ಎಂದ ಮಾತ್ರಕ್ಕೆ ವಿದ್ಯುತ್ತು ಸರಿಯಾಗಿ ಹರಿಯುತ್ತಿದೆ ಎನ್ನಬಹುದೆ? ಅಮ್ಮೀಟರ್ ಇಟ್ಟು ನೋಡಬೇಕು ಎಂದು ನಾವು ಪ್ರಯೋಗಶಾಲೆಯಲ್ಲಿ ದಿನವೂ ಹೇಳುತ್ತೇವಲ್ಲ! 2013ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಶಾನ್ ಷು ತಂಡ ಮಾಡಿದ್ದು ಅದನ್ನೇ. ಹುಳುವಿನ ಸ್ನಾಯುವಿಗೆ ಎಲೆಕ್ಟ್ರೋಡ್ ಜೋಡಿಸಿ, ನರದಿಂದ ಬರುವ ಸಂಕೇತವನ್ನು ವಿದ್ಯುತ್ ಪ್ರವಾಹವಾಗಿ ಅಳೆದರು. ಚಾಲಕ ನರಗಳ ತುದಿಯಿಂದ ರಾಸಾಯನಿಕ ಸಂದೇಶದ ಬಿಡುಗಡೆ ಎಳೆವಯಸ್ಸಿನಲ್ಲೇ ಕುಗ್ಗತೊಡಗಿತ್ತು. ಸ್ನಾಯುವಿನ ಸಾಮರ್ಥ್ಯ ಮಾತ್ರ ನಡುವಯಸ್ಸು ದಾಟುವವರೆಗೂ ಉಳಿದಿತ್ತು. ರಚನೆ ಮೊದಲು ಕೆಟ್ಟದ್ದು ಸ್ನಾಯುವಿನಲ್ಲಿ ಎಂದು ತೋರಿದರೂ ಕೆಲಸ ಮೊದಲು ಕೆಟ್ಟದ್ದು ನರದಲ್ಲಿ.

ಸಂದೇಶದ ಬಿಡುಗಡೆಯನ್ನು ಹೆಚ್ಚಿಸಲು ಅವರು ಅರೆಕೊಲಿನ್ ಬಳಸಿದಾಗ ಮುದಿ ಹುಳುಗಳು ಮತ್ತೆ ಚುರುಕಾದವು. ಅರೆಕೊಲಿನ್ ಇರುವುದು ನಮ್ಮ ಮಲೆನಾಡಿನ ಅಡಿಕೆಯಲ್ಲಿ! (ಹಾಗೆಂದು ಎಲೆಅಡಿಕೆ ಹಾಕಲು ಹೊರಡಬೇಡಿ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ 2004ರ ವರದಿ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ.)