ಶತ್ರುವಿನ ವಿಚಾರಣೆ

ವಸ್ತಾರೆಯಿಂದ ಮೂಡಿಗೆರೆಯ ದಾರಿ ಹಿಡಿದು ಇನ್ನೂ ದಕ್ಷಿಣಕ್ಕೆ ಸಾಗಿದರೆ ಹಳೆಯ ಬಲಂ ಸೀಮೆಯು ದೊರೆಯುತ್ತದೆ. ಟೀಪು ಸುಲ್ತಾನನು ಕಟ್ಟಿಸಿದ ನಕ್ಷತ್ರಾಕಾರದ ಕೋಟೆಯಿಂದಾಗಿ ಅದನ್ನು ಮಂಜರಾಬಾದೆಂದೇ ಹೆಚ್ಚು ಮಂದಿ ಬಲ್ಲರು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಬಳಿಕ, ಐಗೂರಿನ ಪಾಳೆಯಗಾರನಾದ ವೆಂಕಟಾದ್ರಿ ನಾಯಕನು ಹೊಸ ಆಳ್ವಿಕೆಗೆ ತಲೆಬಾಗಲಿಲ್ಲ. ಕರಾವಳಿಗೆ ಇಳಿಯುವ ಘಟ್ಟದ ದಾರಿಗಳು ಅವನ ಕಾಡುಗಳ ನಡುವೆ ಹಾಯ್ದು ಹೋಗುತ್ತಿದ್ದುದರಿಂದ ಕುಂಪಣಿಯವರಿಗೆ ಇದು ಸಹಿಸತಕ್ಕ ಮಾತಾಗಿರಲಿಲ್ಲ. 1802ರ ಜನವರಿಯಲ್ಲಿ ಆರ್ಥರ್ ವೆಲ್ಲೆಸ್ಲಿಯು ಅರಕೆರೆಯ ಕಾಡುಕೋಟೆಯನ್ನು ಮುತ್ತಿ ಹಿಡಿದನು. ಮರುತಿಂಗಳು ನಾಯಕನು ಸೆರೆಸಿಕ್ಕಿದನು; ಸಿಕ್ಕವನನ್ನು ತಡಮಾಡದೆ ಗಲ್ಲಿಗೇರಿಸಿದರು. ನ್ಯಾಯಸ್ಥಾನದ ಮುಂದೆ ಅವನನ್ನು ನಿಲ್ಲಿಸಲಿಲ್ಲ.

ಇದೇ ವೆಲ್ಲೆಸ್ಲಿಯು ಮುಂದೆ ವೆಲಿಂಗ್ಟನ್ ಪ್ರಭುವಾಗಿ 1815ರಲ್ಲಿ ವಾಟರ್‌ಲೂ ರಣರಂಗದಲ್ಲಿ ನೆಪೋಲಿಯನ್ನನನ್ನು ಸೋಲಿಸಿದುದು ಲೋಕಪ್ರಸಿದ್ಧವಾದ ಸಂಗತಿ. ಆ ಚಕ್ರವರ್ತಿಗೆ ದೊರೆತುದು ಹಗ್ಗವಲ್ಲ, ಸೇಂಟ್ ಹೆಲೆನಾ ದ್ವೀಪವಾಸ. ಆದರೆ ಅವನಿಗೂ ವಿಚಾರಣೆಯೆಂಬುದು ನಡೆಯಲಿಲ್ಲ. ಮಲೆನಾಡಿನ ಪಾಳೆಯಗಾರನಿಗೂ ಯೂರೋಪಿನ ಚಕ್ರವರ್ತಿಗೂ ಸಾಮಾನ್ಯವಾಗಿದ್ದ ಅಂಶ ಇದೊಂದೇ: ಗೆದ್ದವನ ಚಿತ್ತವೇ ಇಬ್ಬರಿಗೂ ತೀರ್ಪಾಯಿತು.

ಸೆರೆಸಿಕ್ಕ ಶತ್ರುವನ್ನು ಏನು ಮಾಡತಕ್ಕದ್ದು ಎಂಬ ಈ ಪ್ರಶ್ನೆಯು ನಮ್ಮ ಕಾಲದಲ್ಲಿ ಅಮೆರಿಕ ದೇಶವನ್ನು ಬಹುವಾಗಿ ಕಾಡಿತು. 2001ರ ಸೆಪ್ಟೆಂಬರಿನ ಘೋರಕೃತ್ಯವಾದ ಎರಡು ತಿಂಗಳಿಗೆ ಅಲ್ಲಿನ ಅಧ್ಯಕ್ಷರು, ಭಯೋತ್ಪಾದಕರೆಂದು ಹಿಡಿಯಲ್ಪಟ್ಟ ಪರದೇಶೀಯರನ್ನು ಸೈನಿಕ ನ್ಯಾಯಮಂಡಲಿಗಳು ವಿಚಾರಿಸಬಹುದೆಂದು ಆಜ್ಞೆ ಮಾಡಿದರು. 2002ರ ಜನವರಿಯಿಂದ ಕ್ಯೂಬಾ ದ್ವೀಪದ ಗ್ವಾಂಟಾನಮೋ ಎಂಬಲ್ಲಿನ ಸೆರೆಮನೆಗೆ ಸುಮಾರು 780 ಮಂದಿಯನ್ನು ತಂದರು. ಅವರಲ್ಲಿ ಬಹುಮಂದಿ ಯಾವ ಆರೋಪವನ್ನೂ ಎದುರಿಸದೆಯೇ ವರ್ಷಗಳನ್ನು ಕಳೆದು ಹೊರಬಂದರು.

ಸೈನಿಕ ಮಂಡಲಿಯ ಪಕ್ಷದವರ ವಾದವನ್ನು ತಳ್ಳಿಹಾಕುವುದು ಸುಲಭವಲ್ಲ. ಯುದ್ಧಭೂಮಿಯಲ್ಲಿ ದೊರೆತ ಸಾಕ್ಷ್ಯವು ಪಟ್ಟಣದ ಕಳ್ಳತನದ ಸಾಕ್ಷ್ಯದಂತೆ ಕ್ರಮವಾಗಿ ಕೂಡಿಬರುವುದಿಲ್ಲ. ಗೂಢಚಾರರ ರಹಸ್ಯಗಳನ್ನು ಬಯಲು ಕಚೇರಿಯಲ್ಲಿ ಬಿಚ್ಚಲಾಗದು. ನ್ಯಾಯಾಧೀಶರ ಪ್ರಾಣಕ್ಕೇ ಅಪಾಯವುಂಟು. ಇತಿಹಾಸವೂ ಅವರಿಗೆ ಕೆಲಮಟ್ಟಿಗೆ ಬೆಂಬಲ ಕೊಡುತ್ತದೆ. 1942ರಲ್ಲಿ ವಿಧ್ವಂಸಕ್ಕೆಂದು ಕದ್ದು ಬಂದಿಳಿದ ಎಂಟು ಮಂದಿ ಜರ್ಮನ್ ಪಕ್ಷದವರನ್ನು ಅಮೆರಿಕದ ಸೈನಿಕ ಮಂಡಲಿಯೇ ವಿಚಾರಿಸಿತು. ಅಲ್ಲಿನ ಅತ್ಯುಚ್ಚ ನ್ಯಾಯಸ್ಥಾನವು ಅದನ್ನು ಒಪ್ಪಿತು. ಆರು ಮಂದಿಗೆ ದೇಹಾಂತದಂಡನೆಯಾಯಿತು. ಆದರೆ ಅದೇ ನ್ಯಾಯಸ್ಥಾನವು 1866ರಲ್ಲಿ, ಸಾಮಾನ್ಯ ನ್ಯಾಯಸ್ಥಾನಗಳು ತೆರೆದು ನಡೆಯುತ್ತಿರುವಲ್ಲಿ ಪೌರನೊಬ್ಬನನ್ನು ಸೈನಿಕರು ವಿಚಾರಿಸಕೂಡದೆಂದು ನಿರ್ಣಯಿಸಿದ್ದಿತು. 2006ರಲ್ಲಿ ಅಧ್ಯಕ್ಷರ ಆಜ್ಞೆಯಂತೆ ಏರ್ಪಟ್ಟ ಮಂಡಲಿಗಳು ಶಾಸನಸಮ್ಮತವಲ್ಲವೆಂದೂ, 2008ರಲ್ಲಿ ಗ್ವಾಂಟಾನಮೋವಿನ ಪರದೇಶೀಯರಿಗೂ ತಮ್ಮ ಸೆರೆಯನ್ನು ನ್ಯಾಯಸ್ಥಾನದಲ್ಲಿ ಪ್ರಶ್ನಿಸುವ ಅಧಿಕಾರವುಂಟೆಂದೂ ಹೇಳಿತು.

ಇನ್ನು ಫಲವನ್ನು ನೋಡೋಣ. ಆಫ್ರಿಕದ ರಾಯಭಾರ ಕಚೇರಿಗಳ ಮೇಲೆ 1998ರಲ್ಲಿ ನಡೆದ ಸ್ಫೋಟಗಳ ಆರೋಪಿಯೊಬ್ಬನನ್ನು ಗ್ವಾಂಟಾನಮೋದಿಂದ ನ್ಯೂಯಾರ್ಕಿಗೆ ಕರೆತಂದು ಸಾಮಾನ್ಯ ನ್ಯಾಯಸ್ಥಾನದಲ್ಲಿ ವಿಚಾರಿಸಿದರು. 2010ರಲ್ಲಿ ಪಂಚರು ಅವನನ್ನು 280ಕ್ಕೂ ಹೆಚ್ಚು ಆರೋಪಗಳಿಂದ ಬಿಟ್ಟು, ಒಂದರಲ್ಲಿ ಮಾತ್ರ ಅಪರಾಧಿಯೆಂದರು. ‘ಕಂಡಿರಾ, ಈ ದಾರಿ ಎಷ್ಟು ಅಪಾಯದ್ದು!’ ಎಂದು ಅನೇಕರು ಕೂಗಿದರು. ಆದರೆ ಆ ಒಂದೇ ಅಪರಾಧಕ್ಕಾಗಿ ಅವನಿಗೆ ಜೀವಾವಧಿ ಸೆರೆಯಾಯಿತು. ಇತ್ತ 2001ರ ಕೃತ್ಯದ ಸೂತ್ರಧಾರಿಯೆಂದು 2003ರಲ್ಲಿ ಹಿಡಿಯಲ್ಪಟ್ಟವನನ್ನು ನ್ಯೂಯಾರ್ಕಿನಲ್ಲಿ ವಿಚಾರಿಸುವೆವೆಂದು 2009ರಲ್ಲಿ ಸಾರಿ, 2011ರಲ್ಲಿ ಆ ಸಂಕಲ್ಪವನ್ನು ಕೈಬಿಟ್ಟು ಸೈನಿಕ ಮಂಡಲಿಗೇ ಒಪ್ಪಿಸಿದರು. 2024ನೆಯ ವರ್ಷ ಕಳೆದರೂ ಆ ವಿಚಾರಣೆ ಮುಗಿಯಲಿಲ್ಲ. ಸೆರೆಯಲ್ಲಿ ಅವನಿಗೆ ಕೊಟ್ಟ ಹಿಂಸೆಯೇ ಅವನ ಮೇಲಿನ ಸಾಕ್ಷ್ಯಕ್ಕೆ ವಿಘ್ನವಾಗಿ ನಿಂತಿತು. ಶೀಘ್ರನ್ಯಾಯಕ್ಕೆಂದು ಹಿಡಿದ ಅಡ್ಡದಾರಿಯೇ ಸುತ್ತುದಾರಿಯಾಯಿತು.

ಪರರಾಷ್ಟ್ರದ ಮಾತು ಹಾಗಿರಲಿ. ಇಂಥದೇ ಪರೀಕ್ಷೆ ನಮ್ಮ ದೇಶಕ್ಕೂ ಒದಗಿದ್ದಿತು. 2008ರ ನವೆಂಬರ್ 26ರಂದು ಸಮುದ್ರಮಾರ್ಗವಾಗಿ ಮುಂಬಯಿಗೆ ಬಂದ ಹತ್ತು ಮಂದಿ 166 ಜನರನ್ನು ಕೊಂದರು. ಬೆಂಗಳೂರಿನ ಮನೆಯೊಂದು ಮೇಜರ್ ಸಂದೀಪ್ ಉನ್ನಿಕೃಷ್ಣನ್ ಅವರನ್ನು ಕಳೆದುಕೊಂಡಿತು. ಬಂದವರಲ್ಲಿ ಅಜ್ಮಲ್ ಕಸಬನೊಬ್ಬನು ಜೀವಂತವಾಗಿ ಸಿಕ್ಕಿದನು. ಅವನನ್ನು ಹಾಗೆ ಹಿಡಿದುಕೊಡಲು ತುಕಾರಾಮ ಓಂಬ್ಳೆ ಎಂಬ ಪೊಲೀಸಿನವರು ತಮ್ಮ ಪ್ರಾಣವನ್ನೇ ತೆತ್ತರು. ಬಂದೂಕು ಹಿಡಿದ ಅವನ ಚಿತ್ರವನ್ನು ದೇಶವೆಲ್ಲ ಕಂಡಿದ್ದಿತು. ಅಂಥವನಿಗೆ ವಿಚಾರಣೆಯೇಕೆ, ವಕೀಲರೇಕೆ ಎಂದು ಕೇಳದ ಮನೆ ಆಗ ವಿರಳ.

ಆದರೂ ವಿಚಾರಣೆ ನಡೆಯಿತು. ಆರ್ಥರ್ ರಸ್ತೆಯ ಸೆರೆಮನೆಯೊಳಗೇ ಭದ್ರವಾದ ನ್ಯಾಯಸ್ಥಾನವನ್ನು ಏರ್ಪಡಿಸಿದರು. ಪೀಠದಲ್ಲಿ ಕುಳಿತವರು ಸೈನ್ಯಾಧಿಕಾರಿಗಳಲ್ಲ, ನ್ಯಾಯಾಧೀಶರಾದ ತಹಲಿಯಾನಿಯವರು. 2009ರ ಜುಲೈಯಲ್ಲಿ ಆರೋಪಿಯು ತಾನಾಗಿಯೇ ತಪ್ಪೊಪ್ಪಿಕೊಂಡನು. ಅಷ್ಟಕ್ಕೇ ತೃಪ್ತರಾಗದೆ ನ್ಯಾಯಾಧೀಶರು ಸಾಕ್ಷಿಗಳ ವಿಚಾರಣೆಯನ್ನು ಮುಂದುವರಿಸಿದರು. 2010ರ ಮೇ ತಿಂಗಳಲ್ಲಿ ತೀರ್ಪಾಯಿತು. 2011ರಲ್ಲಿ ಮುಂಬಯಿ ಹೈಕೋರ್ಟೂ 2012ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟೂ ಅದನ್ನು ಸ್ಥಿರಪಡಿಸಿದವು. ಅದೇ ನವೆಂಬರ್ 21ರಂದು ಯೆರವಡಾ ಸೆರೆಮನೆಯಲ್ಲಿ ಅವನನ್ನು ಗಲ್ಲಿಗೇರಿಸಿದರು. ಸಿಕ್ಕಂದಿನಿಂದ ಕೊನೆಯವರೆಗೆ ನಾಲ್ಕು ವರ್ಷವೂ ತುಂಬಿರಲಿಲ್ಲ.

ಈ ಮೊಕದ್ದಮೆಯಲ್ಲಿ ಜನರು ಅಷ್ಟಾಗಿ ನೆನೆಯದ ಅಂಶವೊಂದಿದೆ. ಕಸಬನೊಡನೆ ಇಬ್ಬರು ಭಾರತೀಯರೂ ಆರೋಪಿಗಳಾಗಿದ್ದರು. ಅವರ ಮೇಲಿನ ಆರೋಪಕ್ಕೆ ಸಾಲುವಷ್ಟು ಸಾಕ್ಷ್ಯವಿಲ್ಲವೆಂದು ಅದೇ ನ್ಯಾಯಾಧೀಶರು ಅವರನ್ನು ಬಿಟ್ಟರು. ಮೇಲಿನ ಎರಡು ನ್ಯಾಯಸ್ಥಾನಗಳೂ ಅದನ್ನೇ ಎತ್ತಿಹಿಡಿದವು. ಊರೆಲ್ಲ ಕೋಪದಿಂದ ಉರಿಯುತ್ತಿರುವಾಗ ಅಪರಾಧಿಯನ್ನು ದಂಡಿಸುವುದು ಕಷ್ಟವಲ್ಲ. ಅವನ ಪಕ್ಕದಲ್ಲಿಯೇ ನಿಂತವನನ್ನು ಬೇರೆಯಾಗಿ ನೋಡುವುದು ಕಷ್ಟ. ಇದನ್ನು ಬಲ್ಲದ್ದೇ ನ್ಯಾಯಸ್ಥಾನ.

ಹಾಗೆಂದು ನಮ್ಮನ್ನು ನಾವು ಹೊಗಳಿಕೊಳ್ಳುವ ಹಾಗಿಲ್ಲ. ಪೊಲೀಸು ಅಧಿಕಾರಿಯ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನೂ ಸಾಕ್ಷ್ಯವೆಂದು ಒಪ್ಪುತ್ತಿದ್ದ ಟಾಡಾ ಶಾಸನವು 1987ರಿಂದ 1995ರವರೆಗೆ ಜಾರಿಯಲ್ಲಿದ್ದಿತು. ವೀರಪ್ಪನ್ನನಿಗೆ ನೆರವಾದರೆಂದು ಅದರಡಿಯಲ್ಲಿ ಹಿಡಿದ ಕಾಡಂಚಿನ ಹಳ್ಳಿಗರಲ್ಲಿ ನೂರಕ್ಕೂ ಹೆಚ್ಚು ಮಂದಿ ನಿರ್ದೋಷಿಗಳೆಂದು ಮೈಸೂರಿನ ವಿಶೇಷ ನ್ಯಾಯಸ್ಥಾನವು 2001ರಲ್ಲಿ ಹೇಳಿತು. ಅಷ್ಟರಲ್ಲಿ ಅವರಲ್ಲಿ ಅನೇಕರು ಎಷ್ಟೋ ವರ್ಷಗಳನ್ನು ಸೆರೆಯಲ್ಲಿ ಕಳೆದಿದ್ದರು. ನ್ಯಾಯಸ್ಥಾನವೆಂಬ ಹೆಸರೊಂದಿದ್ದರೆ ಸಾಲದು; ಸಾಮಾನ್ಯ ಕ್ರಮವನ್ನು ಸಡಿಲಿಸಿದಷ್ಟೂ ಕಷ್ಟಕ್ಕೆ ಗುರಿಯಾಗುವವರು ಬಡವರೇ.

ಕಲ್ಯಾಣದ ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಮಿತಾಕ್ಷರವನ್ನು ರಚಿಸಿದುದನ್ನು ವಾಚಕರು ಬಲ್ಲರು. ವ್ಯವಹಾರಕ್ಕೆ ನಾಲ್ಕು ಪಾದಗಳೆಂಬ ಸಂಪ್ರದಾಯವನ್ನು ಆತನು ಅಲ್ಲಿ ವಿವರಿಸುತ್ತಾನೆ: ವಾದಿಯ ಭಾಷೆ, ಪ್ರತಿವಾದಿಯ ಉತ್ತರ, ಸಾಕ್ಷ್ಯಾದಿಗಳ ಕ್ರಿಯೆ, ಕೊನೆಗೆ ನಿರ್ಣಯ. ಆ ಕಾಲದ ಧರ್ಮಶಾಸ್ತ್ರವು ವರ್ಣಕ್ಕೆ ತಕ್ಕಂತೆ ದಂಡನೆಯಲ್ಲಿ ಭೇದವೆಣಿಸುತ್ತಿದ್ದುದನ್ನು ನಾವು ಒಪ್ಪಲಾರೆವು. ಆದರೆ ಈ ನಾಲ್ಕು ಪಾದಗಳ ಲೆಕ್ಕ ಮಾತ್ರ ಇಂದಿಗೂ ಸಲ್ಲುತ್ತದೆ. ನಮ್ಮ ಸಂವಿಧಾನದ 21ನೆಯ ಅನುಚ್ಛೇದವು ಜೀವಕ್ಕೂ ಸ್ವಾತಂತ್ರ್ಯಕ್ಕೂ ರಕ್ಷೆ ಕೊಡುವಾಗ ಪೌರನೆನ್ನದೆ ವ್ಯಕ್ತಿಯೆಂದಿರುವುದೂ ಇದಕ್ಕೆ ಒಪ್ಪುವಂಥದೇ: ಪರದೇಶೀಯನಿಗೂ ಉತ್ತರಪಾದವುಂಟು.

ಬಲಂ ನಾಯಕನಿಗೆ ದೊರೆತುದು ನಾಲ್ಕನೆಯ ಪಾದವೊಂದೇ. ಅವನು ಘಟ್ಟದ ದಾರಿಯನ್ನು ಕಟ್ಟಿದ ದರೋಡೆಗಾರನೋ, ತಂದೆಯ ಕಾಲದ ಸೀಮೆಯನ್ನು ಕಾಯ್ದ ಒಡೆಯನೋ ಎಂದು ನಾವು ಇಂದೂ ಚರ್ಚಿಸುತ್ತೇವೆ. ಅವನನ್ನು ಕುರಿತು ನಾವು ತಿಳಿದುದು ಬಹುಮಟ್ಟಿಗೆ ಅವನನ್ನು ಬೇಟೆಯಾಡಿದವರು ಬರೆದುದರಿಂದ. ತುರುಗಾಳಗದಲ್ಲಿ ಮಡಿದ ಭಟನಿಗೂ ವೀರಗಲ್ಲು ನಿಲ್ಲಿಸಿ ಹೆಸರು ಕೆತ್ತಿಸುತ್ತಿದ್ದ ನಾಡಿನಲ್ಲಿ ಪಾಳೆಯಗಾರನೊಬ್ಬನ ಮಾತು ಒಂದಾದರೂ ಬರಹಕ್ಕಿಳಿಯದೆ ಹೋಯಿತು. ಕಸಬನ ವಿಷಯದಲ್ಲಿ ನಮ್ಮ ಮೊಮ್ಮಕ್ಕಳಿಗೆ ಈ ಕೊರತೆಯಿಲ್ಲ. ಅವನು ಮಾಡಿದುದೇನು, ಹೇಳಿದುದೇನು, ಅವನನ್ನು ಕಂಡವರು ಯಾರು ಎಂಬುದೆಲ್ಲ ಸಾಕ್ಷಿಗಳ ಪ್ರಮಾಣದ ಮೇಲೆ ದಾಖಲಾಗಿದೆ. ಅವನು ನಿರಪರಾಧಿಯೆಂದು ಮುಂದೆ ಯಾರಾದರೂ ಕಥೆ ಕಟ್ಟಿದರೆ ಆ ಕಡತಗಳೇ ಉತ್ತರ ಹೇಳುವುವು. ಶತ್ರುವಿಗೆ ವಿಚಾರಣೆ ಕೊಡುವುದು ಅವನ ಮೇಲಿನ ಕರುಣೆಯಿಂದಲ್ಲ. ದಂಡಿಸಿದ ಮೇಲೆಯೂ ಸತ್ಯವು ನಮ್ಮ ಪಕ್ಷದಲ್ಲಿ ಉಳಿಯಬೇಕೆಂಬುದರಿಂದ.