ದಾಖಲೆರಹಿತ ವಲಸಿಗರು ಮತ್ತು ಅಮೆರಿಕದ ಆದಾಯ ತೆರಿಗೆ

ಅನುಮತಿಯಿಲ್ಲದೆ ಗಡಿ ದಾಟಿ ಬಂದವರನ್ನೂ ವೀಸಾ ಅವಧಿ ಮುಗಿದ ಮೇಲೂ ಅಮೆರಿಕದಲ್ಲೇ ಉಳಿದವರನ್ನೂ ದಾಖಲೆರಹಿತ ವಲಸಿಗರು ಎನ್ನುತ್ತಾರೆ. ಇವರು ಆದಾಯ ತೆರಿಗೆ ಕಟ್ಟುವುದೇ ಇಲ್ಲ ಎಂಬ ಮಾತು ಆ ದೇಶದ ಚುನಾವಣೆಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಮಾತು ಸುಳ್ಳು. ಕಾನೂನಿನ ಪ್ರಕಾರ ಅವರು ಕಟ್ಟಲೇಬೇಕು, ಲಕ್ಷಾಂತರ ಮಂದಿ ಕಟ್ಟುತ್ತಲೂ ಇದ್ದಾರೆ.

ಅಮೆರಿಕದ ತೆರಿಗೆ ಸಂಹಿತೆಗೆ ಆದಾಯ ಎಲ್ಲಿಂದ ಬಂತೆಂಬುದು ಮುಖ್ಯವಲ್ಲ. ಕದ್ದುಮುಚ್ಚಿ ಮದ್ಯ ಮಾರಿ ಗಳಿಸಿದ ಲಾಭಕ್ಕೂ ತೆರಿಗೆಯುಂಟು ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1927ರಲ್ಲೇ ಸಲ್ಲಿವಾನ್ ಪ್ರಕರಣದಲ್ಲಿ ಹೇಳಿತ್ತು. ತೆರಿಗೆಯ ಮಟ್ಟಿಗೆ ಯಾರು ‘ನಿವಾಸಿ’ ಎಂಬುದನ್ನು ಗ್ರೀನ್ ಕಾರ್ಡ್ ಇಲ್ಲದವರ ವಿಷಯದಲ್ಲಿ ದಿನಗಳ ಲೆಕ್ಕ ತೀರ್ಮಾನಿಸುತ್ತದೆ: ಈ ವರ್ಷ ಅಲ್ಲಿದ್ದ ದಿನಗಳು, ಹಿಂದಿನ ವರ್ಷದ್ದರಲ್ಲಿ ಮೂರನೇ ಒಂದು ಪಾಲು, ಅದರ ಹಿಂದಿನದರಲ್ಲಿ ಆರನೇ ಒಂದು ಪಾಲು ಕೂಡಿ 183 ಮುಟ್ಟಿದರೆ ಸಾಮಾನ್ಯವಾಗಿ ಆತ ನಿವಾಸಿ. ಹೀಗಾಗಿ ವಲಸೆ ಇಲಾಖೆಯ ಕಣ್ಣಿಗೆ ಅಕ್ರಮವಾಗಿರುವವನು ತೆರಿಗೆ ಇಲಾಖೆಯ ಪಾಲಿಗೆ ನಾಗರಿಕನಂತೆಯೇ ತೆರಿಗೆದಾರ.

ಹೆಚ್ಚಿನ ತೆರಿಗೆ ಸಂಬಳದಲ್ಲೇ ಮುರಿದುಹೋಗುತ್ತದೆ. ನಮ್ಮಲ್ಲಿ ಟಿಡಿಎಸ್ ಹಿಡಿಯುವಂತೆಯೇ ಇದು. ಕೆಲಸಕ್ಕೆ ಸೇರಲು ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಬೇಕು. ಅದಿಲ್ಲದ ಅನೇಕರು ಸುಳ್ಳು ಸಂಖ್ಯೆಯನ್ನೋ ಬೇರೆಯವರ ಸಂಖ್ಯೆಯನ್ನೋ ಕೊಡುತ್ತಾರೆ. ಹೋಟೆಲಿನಲ್ಲಿ ಪಾತ್ರೆ ತೊಳೆಯುವವನ ವಾರದ ಸಂಬಳ 600 ಡಾಲರ್ ಎಂದುಕೊಳ್ಳಿ. ಅದರಲ್ಲಿ ಮುಪ್ಪಿನ ಪಿಂಚಣಿ ಕೊಡುವ ಸೋಷಿಯಲ್ ಸೆಕ್ಯುರಿಟಿ ನಿಧಿಗೆ ಶೇ. 6.2ರಂತೆ 37.20 ಡಾಲರ್, ವೃದ್ಧರ ಆರೋಗ್ಯ ವಿಮೆಯಾದ ಮೆಡಿಕೇರ್‌ಗೆ ಶೇ. 1.45ರಂತೆ 8.70 ಡಾಲರ್ ಕಡಿತವಾಗುತ್ತದೆ. ಆದಾಯ ತೆರಿಗೆಯ ಕಡಿತ ಇದರ ಮೇಲೆ. ಮಾಲೀಕನೂ ಮೊದಲ ಎರಡು ಬಾಬ್ತಿಗೆ ಅಷ್ಟೇ ಹಣ ಸೇರಿಸುತ್ತಾನೆ. ಹೆಸರಿಗೂ ಸಂಖ್ಯೆಗೂ ತಾಳೆಯಾಗದ ಇಂಥ ವೇತನದ ವಿವರಗಳನ್ನು ಸೋಷಿಯಲ್ ಸೆಕ್ಯುರಿಟಿ ಆಡಳಿತ ಪ್ರತ್ಯೇಕ ಕಡತದಲ್ಲಿಡುತ್ತದೆ. ಹಣ ಮಾತ್ರ ನಿಧಿಗೆ ಸೇರುತ್ತದೆ. 2010ರಲ್ಲಿ ದಾಖಲೆರಹಿತ ಕಾರ್ಮಿಕರಿಂದ ಈ ನಿಧಿಗೆ ಸುಮಾರು 1,200 ಕೋಟಿ ಡಾಲರ್ ನಿವ್ವಳ ಲಾಭವಾಯಿತೆಂದು ಅದೇ ಆಡಳಿತದ ಲೆಕ್ಕತಜ್ಞರು 2013ರಲ್ಲಿ ಅಂದಾಜಿಸಿದರು. ಆದರೂ ದಾಖಲೆ ಸರಿಯಾಗದ ಹೊರತು ಆ ಕಾರ್ಮಿಕರಿಗೆ ಮುಪ್ಪಿನ ಪಿಂಚಣಿ ಇಲ್ಲ. ಕೈಗೆ ನಗದು ಪಡೆದು ದುಡಿಯುವವರಲ್ಲಿ ರಿಟರ್ನ್ಸ್ ಸಲ್ಲಿಸದವರೂ ಇದ್ದಾರೆ, ಅದನ್ನು ಅಲ್ಲಗಳೆಯಲಾಗದು.

ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಪಡೆಯಲಾಗದವರೂ ರಿಟರ್ನ್ಸ್ ಸಲ್ಲಿಸಲೆಂದು ತೆರಿಗೆ ಇಲಾಖೆ (ಐಆರ್‌ಎಸ್) 1996ರಲ್ಲಿ ಐಟಿನ್ ಎಂಬ ಸಂಖ್ಯೆಯನ್ನು ಜಾರಿಗೆ ತಂದಿತು. ಒಂಬತ್ತು ಅಂಕಿಗಳ ಈ ಸಂಖ್ಯೆ 9ರಿಂದ ಶುರುವಾಗುತ್ತದೆ. ಇದರಿಂದ ಕೆಲಸ ಮಾಡುವ ಹಕ್ಕಾಗಲಿ ವಾಸದ ಹಕ್ಕಾಗಲಿ ಸಿಗುವುದಿಲ್ಲ. ಐಟಿನ್ ಇದ್ದವರೆಲ್ಲ ದಾಖಲೆರಹಿತರೂ ಅಲ್ಲ: ಎಚ್-1ಬಿ ವೀಸಾದ ಮೇಲೆ ಹೋದ ಬೆಂಗಳೂರಿನ ಎಂಜಿನಿಯರುಗಳ ಪತ್ನಿಯರು, ಎಚ್-4 ವೀಸಾದಲ್ಲಿ ಕಾನೂನುಬದ್ಧವಾಗಿಯೇ ಇದ್ದು, ಗಂಡನ ಜೊತೆ ಜಂಟಿ ರಿಟರ್ನ್ಸ್ ಸಲ್ಲಿಸಲು ಇದೇ ಸಂಖ್ಯೆ ಪಡೆಯುತ್ತಾರೆ.

ಹೆಚ್ಚು ಗೊಂದಲ ಇರುವುದು ರೀಫಂಡ್ ವಿಷಯದಲ್ಲಿ. ರೀಫಂಡಿನಲ್ಲಿ ಎರಡು ಬಗೆ. ಕಟ್ಟಬೇಕಾದ್ದಕ್ಕಿಂತ ಹೆಚ್ಚು ಕಡಿತವಾಗಿದ್ದರೆ ಆ ಹೆಚ್ಚುವರಿ ವಾಪಸು ಬರುತ್ತದೆ. ಅದು ದುಡಿದವನದೇ ದುಡ್ಡು. ಇನ್ನೊಂದು, ಕಟ್ಟಿದ ತೆರಿಗೆಯನ್ನೂ ಮೀರಿ ಸರ್ಕಾರ ಬಡ ಕುಟುಂಬಗಳಿಗೆ ಕೊಡುವ ನೆರವು. ಇದರಲ್ಲಿ ದೊಡ್ಡದಾದ ದುಡಿಮೆಗಾರರ ರಿಯಾಯಿತಿ ಐಟಿನ್‌ನವರಿಗೆ 1996ರ ಕಾನೂನಿನಿಂದಲೇ ಇಲ್ಲ. ಮಕ್ಕಳ ರಿಯಾಯಿತಿ ಮಾತ್ರ ಬಹುಕಾಲ ದೊರೆಯುತ್ತಿತ್ತು. ಕೆಲಸದ ಅನುಮತಿ ಇಲ್ಲದವರಿಗೆ ಇಂಥ ನೆರವಾಗಿ 420 ಕೋಟಿ ಡಾಲರ್ ಸಂದಿದೆ ಎಂದು ಖಜಾನೆಯ ತೆರಿಗೆ ತನಿಖಾಧಿಕಾರಿಯ 2011ರ ವರದಿ ಹೇಳಿದಾಗ ದೊಡ್ಡ ಗದ್ದಲವೆದ್ದಿತು. 2018ರಿಂದ ಮಗುವಿಗೆ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಕಡ್ಡಾಯವಾಯಿತು. 2025ರ ಕಾನೂನು ತಂದೆತಾಯಿಯಲ್ಲಿ ಒಬ್ಬರಿಗಾದರೂ ಅದು ಇರಬೇಕೆಂದಿತು. ಅಮೆರಿಕದಲ್ಲೇ ಹುಟ್ಟಿ ಅಲ್ಲಿನ ಪ್ರಜೆಯಾದ ಮಗುವೂ, ಅಪ್ಪ ಅಮ್ಮ ಇಬ್ಬರದೂ ಐಟಿನ್ ಆಗಿದ್ದರೆ, ಇದರಿಂದ ಹೊರಗುಳಿಯುತ್ತದೆ. ಮಗು ಮಾಡಿದ ತಪ್ಪೇನು?

ತೆರಿಗೆ ಮತ್ತು ಆರ್ಥಿಕ ನೀತಿ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ದಾಖಲೆರಹಿತರು ಎಲ್ಲ ಬಗೆಯ ತೆರಿಗೆ ಸೇರಿ 9,670 ಕೋಟಿ ಡಾಲರ್ ಕಟ್ಟಿದರು. ಇದರಲ್ಲಿ 5,940 ಕೋಟಿ ಕೇಂದ್ರ ಸರ್ಕಾರಕ್ಕೆ, ಉಳಿದದ್ದು ರಾಜ್ಯಗಳಿಗೆ ಮತ್ತು ಸ್ಥಳೀಯ ಆಡಳಿತಗಳಿಗೆ.

ಪತ್ತೆಯಾದರೆ ಗಡೀಪಾರಾಗುವ ಭಯವಿದ್ದೂ ಜನ ತಾವಾಗಿ ರಿಟರ್ನ್ಸ್ ಸಲ್ಲಿಸುವುದಕ್ಕೆ ಕಾರಣವಿದೆ. ಮುಂದೆಂದಾದರೂ ವಾಸವನ್ನು ಸಕ್ರಮಗೊಳಿಸಿಕೊಳ್ಳುವ ಅವಕಾಶ ಬಂದರೆ, ಇಷ್ಟು ವರ್ಷ ಇಲ್ಲೇ ನಿಯತ್ತಾಗಿ ದುಡಿದೆವು ಎಂದು ತೋರಿಸಲು ಆ ಕಾಗದಗಳು ಬೇಕು. ತೆರಿಗೆ ವಿವರ ಗುಟ್ಟಾಗಿರುತ್ತದೆ ಎಂಬ ಕಾನೂನಿನ ಭರವಸೆಯೂ ಇತ್ತು. 2025ರ ಏಪ್ರಿಲ್‌ನಲ್ಲಿ ತೆರಿಗೆ ಇಲಾಖೆ ವಲಸೆ ಜಾರಿ ಸಂಸ್ಥೆಯೊಂದಿಗೆ ಮಾಹಿತಿ ಹಂಚಿಕೊಳ್ಳುವ ಒಪ್ಪಂದ ಮಾಡಿಕೊಂಡದ್ದರಿಂದ ಆ ಭರವಸೆ ಅಲುಗಾಡಿತು. ವಿಷಯ ನ್ಯಾಯಾಲಯದ ಮೆಟ್ಟಿಲೇರಿತು. ತೆರಿಗೆ ಕಟ್ಟಲೆಂದು ನಂಬಿ ಬರೆದುಕೊಟ್ಟ ಮನೆ ವಿಳಾಸವನ್ನು ಹಿಡಿದು ಅದೇ ಮನೆಯ ಬಾಗಿಲು ಬಡಿಯುವುದು ಅನ್ಯಾಯ, ಖಜಾನೆಗೂ ನಷ್ಟ.